ಬಿಚ್ಚುವ ಮೊದಲು ಬರೆಯುವ ಪಟ್ಟಿ

ಶಹಾಪುರದ ಗ್ಯಾರೇಜುಗಳ ಮುಂದೆ ಎಲ್ಲಕ್ಕಿಂತ ಹೆಚ್ಚಾಗಿ ಕಿವಿಗೆ ಬೀಳುವ ಮಾತು ಒಂದೇ: ‘ಸಾಮಾನ ಬರಬೇಕ್ರಿ.’ ಭೀಮರಾಯನಗುಡಿಯ ಕಡೆ ಹೋದರೂ ಸರಿ, ಹತ್ತಿಗುಡೂರಿನ ಕಡೆ ಹೋದರೂ ಸರಿ, ಹೆದ್ದಾರಿಯ ಬದಿಗೆ ತಾಡಪತ್ರಿ ಹೊದ್ದು ನಿಂತ ಟ್ರ್ಯಾಕ್ಟರೋ ಜೀಪೋ ಒಂದಾದರೂ ಕಾಣುತ್ತದೆ. ಬಾನೆಟ್ ಗೋಡೆಗೆ ಒರಗಿರುತ್ತದೆ, ಹೆಡ್ ಗೋಣಿಚೀಲದ ಮೇಲೆ ಕೂತಿರುತ್ತದೆ, ಬೋಲ್ಟುಗಳು ಡಾಲ್ಡಾ ಡಬ್ಬಿಯಲ್ಲಿ ಬಿದ್ದಿರುತ್ತವೆ. ಗಾಡಿಯವನು ದಿನಾ ಬಂದು ನೋಡಿ ಹೋಗುತ್ತಾನೆ. ಮಿಸ್ತ್ರಿ ಬೇರೆ ಗಾಡಿಯ ಕೆಲಸದಲ್ಲಿರುತ್ತಾನೆ. ಇಬ್ಬರೂ ಕಾಯುತ್ತಿರುವುದು ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ರಾತ್ರಿ ಬಸ್ಸಿನಲ್ಲಿ ಬರಬೇಕಾದ ಒಂದು ಪಾರ್ಸೆಲ್ಲಿಗೆ.

ಹೀಗೆ ಕಾಯುವ ಕಷ್ಟ ನಮ್ಮ ಮನೆಗೂ ಗೊತ್ತು. ನಮ್ಮದೊಂದು ಹಳೆಯ ಡೀಸೆಲ್ ಜೀಪು ಇತ್ತು. ಹತ್ತಿ ಚೀಲ ಹೇರಿಕೊಂಡು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ತಮ್ಮನಿಗೆ ಅದಕ್ಕೆ ಟರ್ಬೊ ಕೂಡಿಸುವ ಹಂಬಲ. ದೂರದ ಊರಿನ ಹಳೇ ಸಾಮಾನಿನ ಅಂಗಡಿಯೊಂದರಿಂದ ಒಂದನ್ನು ತಂದ. ಅದು ಕೈಗೆ ಬಂದ ಮರುದಿನವೇ ಎಂಜಿನ್ ಬಿಚ್ಚಿಸಿದ. ಆಮೇಲೆ ಒಂದೊಂದೇ ಗೊತ್ತಾಗುತ್ತಾ ಹೋಯಿತು. ಟರ್ಬೊದ ಫ್ಲೇಂಜಿನ ತೂತುಗಳಿಗೂ ನಮ್ಮ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ತೂತುಗಳಿಗೂ ತಾಳೆಯಿಲ್ಲ. ಆಯಿಲ್ ಇಳಿದುಹೋಗುವ ಪೈಪಿಗೆ ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರಿನಲ್ಲಿ ಜಾಗವಿಲ್ಲ. ಹೆಡ್ ಪ್ಯಾಕಿಂಗ್ ತಂದಿಲ್ಲ. ಹತ್ತಿ ಬಿಡಿಸುವ ಹೊತ್ತಿನಲ್ಲಿ 26 ದಿನ ಗಾಡಿ ನಿಂತಿತು, ಚೀಲ ಸಾಗಿಸಲು ಬಾಡಿಗೆ ಗಾಡಿ ಹಿಡಿದೆವು. ಪಕ್ಕದ ಗ್ಯಾರೇಜಿನ ಹಿರಿಯ ಮಿಸ್ತ್ರಿ ಒಬ್ಬರು ಬಂದು ನೋಡಿ ತಮ್ಮನಿಗೆ ಹೇಳಿದ ಮಾತು ನನ್ನಲ್ಲಿ ಇನ್ನೂ ಉಳಿದಿದೆ: ‘ತಮ್ಮಾ, ಬಿಚ್ಚಲಾಕ ಒಂದ್ ತಾಸ ಸಾಕು. ಕೂಡಸಲಾಕ ಏನೇನ್ ಬೇಕು ಅಂತ ಬರದೀ ಏನು?’

ಆ ಪ್ರಶ್ನೆಯನ್ನು ನಾನು ಮೊದಲು ಬರೀ ಸಾಮಾನಿನ ಪ್ರಶ್ನೆ ಎಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಎಂಜಿನ್ನಿಗೆ ಹೊರಗಿನಿಂದ ಗಾಳಿ ತುಂಬಿ ಬಲ ಹೆಚ್ಚಿಸಬೇಕೆನ್ನುವವನು ಬರೆಯುವ ಪಟ್ಟಿಯ ಮೊದಲ ಉಪಯೋಗ, ಈ ಕೆಲಸಕ್ಕೆ ಕೈ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವುದು. ಸಾಮಾನು ತರಿಸುವುದು ಅದರ ಎರಡನೆಯ ಉಪಯೋಗ. ಹೆಡ್ ಬಿಚ್ಚಿದ ಮೇಲೆ ಬೇಡವೆನ್ನುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಕಾಗದದ ಮೇಲೆ ಅದು ಕೊನೆಯವರೆಗೂ ಉಳಿದಿರುತ್ತದೆ.

ಗಾಳಿ ತುಂಬುವುದು ಎಂದರೇನು? ಎಂಜಿನ್ ತನ್ನ ಪಿಸ್ಟನ್ನಿನ ಎಳೆತದಿಂದ ಎಷ್ಟು ಗಾಳಿ ಒಳಗೆ ತೆಗೆದುಕೊಳ್ಳುತ್ತದೋ ಅದಕ್ಕಿಂತ ಹೆಚ್ಚು ಗಾಳಿಯನ್ನು ಒತ್ತಿ ಕಳಿಸುವುದು. ಹೆಚ್ಚು ಗಾಳಿ ಬಂದರೆ ಹೆಚ್ಚು ಎಣ್ಣೆ ಉರಿಸಬಹುದು, ಹೆಚ್ಚು ಎಣ್ಣೆ ಉರಿದರೆ ಹೆಚ್ಚು ಬಲ. ಒತ್ತುವ ಯಂತ್ರ ಕ್ರ್ಯಾಂಕಿನಿಂದ ಬೆಲ್ಟಿನ ಮೂಲಕ ತಿರುಗಿದರೆ ಸೂಪರ್‌ಚಾರ್ಜರ್. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯ ಒತ್ತಡದಿಂದ ತಿರುಗಿದರೆ ಟರ್ಬೊ. ಮೊದಲನೆಯದರ ಮೂಲ ಮೋಟಾರು ಗಾಡಿಗಿಂತಲೂ ಹಳೆಯದು. ಅಮೆರಿಕದ ಇಂಡಿಯಾನಾದ ರೂಟ್ಸ್ ಸೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯೂದುವ ಯಂತ್ರವೇ ಮುಂದೆ ಗಾಡಿಯ ಎಂಜಿನ್ನಿನ ಮೇಲೆ ಹತ್ತಿ ಕೂತಿತು. ಎರಡನೆಯದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಮಾಡಿಸಿದ ಯೋಚನೆ. ನಮ್ಮ ಭಾಗದಲ್ಲಿ ಸೂಪರ್‌ಚಾರ್ಜರ್ ಕಂಡವರು ಕಡಿಮೆ, ಟರ್ಬೊ ಎಂಬ ಹೆಸರು ಲಾರಿಯ ಬೆನ್ನಿನ ಮೇಲೂ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೂ ಇದೆ. ಕೂಡಿಸುವ ಮೊದಲಿನ ತಯಾರಿಯ ಮಟ್ಟಿಗೆ ಎರಡೂ ಒಂದೇ ಮನೆತನದವು.

ನಮ್ಮ ಊರಿನ ಗಾಳಿಯ ಲೆಕ್ಕ ಹಾಕಿದರೆ ಈ ಆಸೆ ಹುಟ್ಟುವುದು ಸಹಜ ಅನ್ನಿಸುತ್ತದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಂಪಿನಲ್ಲಿ, ಒಂದು ಘನ ಮೀಟರ್ ಗಾಳಿ 1.225 ಕಿಲೊ ತೂಗುತ್ತದೆ. ಸುಮಾರು 400 ಮೀಟರ್ ಎತ್ತರದ ಶಹಾಪುರದಲ್ಲಿ, ಮೇ ತಿಂಗಳ 43 ಡಿಗ್ರಿಯಲ್ಲಿ, ಅದು ಸುಮಾರು 1.06 ಕಿಲೊಕ್ಕೆ ಇಳಿಯುತ್ತದೆ. ಎಂದರೆ ನೂರಕ್ಕೆ 13ರಷ್ಟು ಗಾಳಿಯನ್ನು ನಮ್ಮ ಎತ್ತರವೂ ಬಿಸಿಲೂ ಸೇರಿ ಕಸಿದುಕೊಳ್ಳುತ್ತವೆ. ಎರಡೂವರೆ ಲೀಟರಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಹೆಚ್ಚೂಕಡಿಮೆ 2500 ಲೀಟರ್ ಗಾಳಿ ಎಳೆಯುತ್ತದೆ. ಅಷ್ಟೂ ಗಾಳಿ ತೆಳ್ಳಗಾದರೆ ಏರಿನಲ್ಲಿ ಏದುಸಿರು ಬರದೆ ಇನ್ನೇನು?

ಆದರೆ ಇದೇ ಬಿಸಿಲು ಪರಿಹಾರಕ್ಕೂ ಅಡ್ಡ ಬರುತ್ತದೆ. ಗಾಳಿಯನ್ನು ಒತ್ತಿದರೆ ಕಾಯುತ್ತದೆ; ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. 43 ಡಿಗ್ರಿಯ ಗಾಳಿಯನ್ನು ಚದರಂಗುಲಕ್ಕೆ ಆರು ಪೌಂಡ್ ಹೆಚ್ಚುವರಿ ಒತ್ತಡಕ್ಕೆ ತಂದರೆ, ಸಾಧಾರಣ ದಕ್ಷತೆಯ ಯಂತ್ರದಿಂದ ಅದು ಹೊರಬರುವಾಗ ಸುಮಾರು 95 ಡಿಗ್ರಿ ಮುಟ್ಟಿರುತ್ತದೆ. ಒತ್ತಡ ನೂರಕ್ಕೆ 40ರಷ್ಟು ಹೆಚ್ಚಿದರೂ ಗಾಳಿಯ ತೂಕ ಹೆಚ್ಚುವುದು 20ರಷ್ಟು ಮಾತ್ರ. ಉಳಿದದ್ದನ್ನು ಶಾಖ ನುಂಗುತ್ತದೆ. ನಡುವೆ ಇಂಟರ್‌ಕೂಲರ್ ಇಟ್ಟು 60 ಡಿಗ್ರಿಗೆ ಇಳಿಸಿದರೆ ಆ 20, 33 ಆಗುತ್ತದೆ. ಅಂದಮೇಲೆ ತಂಪಿನ ನಾಡುಗಳಲ್ಲಿ ಕೆಲವರು ಇಂಟರ್‌ಕೂಲರ್ ಇಲ್ಲದೆಯೂ ಹೇಗೋ ನಿಭಾಯಿಸಬಹುದು, ಶಹಾಪುರದಲ್ಲಿ ಅದು ಕೊಳ್ಳಬೇಕಾದ ಸಾಮಾನಿನ ಮೊದಲ ಸಾಲುಗಳಲ್ಲೇ ಬರಬೇಕು. ಅದನ್ನು ಎಲ್ಲಿ ಕೂಡಿಸುತ್ತೀರಿ? ರೇಡಿಯೇಟರಿನ ಮುಂದೆ. ಹಾಗಾದರೆ ರೇಡಿಯೇಟರಿಗೆ ಹೋಗುವ ಗಾಳಿಗೆ ಅಡ್ಡವಾಯಿತು. ಅದೇ ರೇಡಿಯೇಟರಿನ ಸಂದಿಗಳಲ್ಲಿ ಜಿನ್ನಿಂಗ್ ಮಿಲ್ಲಿನ ಸುತ್ತ ಹಾರುವ ಹತ್ತಿಯ ಎಳೆ ಮೊದಲೇ ಮೆತ್ತಿಕೊಂಡಿರುತ್ತದೆ. ಹೀಗೆ ಒಂದು ಸಾಮಾನು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು.

ಈ ಸರಪಳಿ ನಮ್ಮವರಿಗೆ ಹೊಸದಲ್ಲ, ಕಾಲುವೆಯಲ್ಲಿ ನೋಡಿದ್ದೇವೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ, ಅಲ್ಲಿಂದ ಶಹಾಪುರ ಶಾಖಾ ಕಾಲುವೆಗೆ ಬಂತು. ತಲೆಯಲ್ಲಿ ನೀರು ಬಿಟ್ಟರೆ ಸಾಕು, ಹೊಲ ಹಸಿರಾಗುತ್ತದೆ ಎಂದು ಎಲ್ಲರೂ ನಂಬಿದ್ದೆವು. ಏನಾಯಿತು? ಹೊಲಗಾಲುವೆ ಸರಿಯಿಲ್ಲದ ಕಡೆ ಕೊನೆಯ ಹೊಲಕ್ಕೆ ನೀರು ಮುಟ್ಟಲಿಲ್ಲ, ಬಸಿಗಾಲುವೆ ಇಲ್ಲದ ಕಡೆ ನಿಂತ ನೀರು ಕಪ್ಪು ನೆಲವನ್ನು ಸವಳು ಮಾಡಿತು. ಬಂದದ್ದಕ್ಕೆ ಹೋಗಲು ದಾರಿ ಬೇಕು. ಎಂಜಿನ್ನಿನಲ್ಲೂ ಅಷ್ಟೇ: ತಲೆಯಲ್ಲಿ ಗಾಳಿ ಹೆಚ್ಚಿಸಿದವನು ಸೈಲೆನ್ಸರಿನ ಕಿರಿದಾದ ಪೈಪನ್ನು ಹಾಗೇ ಬಿಟ್ಟರೆ ಬಿಸಿ ಒಳಗೇ ನಿಂತು ವಾಲ್ವು ಸುಡುತ್ತದೆ.

2023ರ ಜನವರಿ 19ರಂದು ಹುಣಸಗಿ ತಾಲೂಕಿನ ಕೊಡೇಕಲ್ಲಿನಲ್ಲಿ ಪ್ರಧಾನಿಯವರು ಉದ್ಘಾಟಿಸಿದ ಯೋಜನೆಯನ್ನು ನೆನೆಯಿರಿ. ಅದು ಇದೇ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣದ ಕೆಲಸ. ಸುಮಾರು 4700 ಕೋಟಿ ರೂಪಾಯಿ ಖರ್ಚಾದದ್ದು ಹೊಸ ಅಣೆಕಟ್ಟಿಗಲ್ಲ. ಇದ್ದ ಕಾಲುವೆ 10,000 ಕ್ಯುಸೆಕ್ ನೀರನ್ನು ಸೋರದೆ, ಒಡೆಯದೆ ಸಾಗಿಸುವಂತೆ ಮಾಡುವುದಕ್ಕೆ, ಗೇಟುಗಳನ್ನು ಅಳತೆಯಿಂದ ನಡೆಸುವುದಕ್ಕೆ. ನೀರು ಬಂದು ಎಷ್ಟೋ ವರ್ಷಗಳಾದ ಮೇಲೆ ಕಾಲುವೆಯನ್ನು ಸಿದ್ಧಪಡಿಸುವ ಪಾಠಕ್ಕೆ ನಾವು ಇಷ್ಟು ಬೆಲೆ ತೆತ್ತಿದ್ದೇವೆ. ಅದನ್ನು ಅರಿತ ನಾಡಿನಲ್ಲಿ ಒಂದು ಎಂಜಿನ್ನಿನ ಮುಂದೆ ಅದೇ ತಪ್ಪು ಮಾಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಾಗಾದರೆ ಪಟ್ಟಿಯಲ್ಲಿ ಏನಿರಬೇಕು? ಮೊದಲ ಸಾಲಿನಲ್ಲಿ ಕೊಳ್ಳುವ ಯಾವ ಸಾಮಾನೂ ಬೇಡ, ಇದ್ದ ಎಂಜಿನ್ನಿನ ಆರೋಗ್ಯ ಬರೆಯಿರಿ. ಪ್ರತಿ ಸಿಲಿಂಡರಿನ ಕಂಪ್ರೆಶನ್ ಎಷ್ಟಿದೆ? ನಾಲ್ಕರಲ್ಲಿ ಒಂದು ಕುಸಿದಿದ್ದರೆ ಹೊಸ ಗಾಳಿ ಹೋಗುವುದು ಆ ಸವೆದ ರಿಂಗಿನ ಸಂದಿಯಿಂದ ಚೇಂಬರಿಗೆ. ಏರ್ ಫಿಲ್ಟರ್ ಎಂದು ಬದಲಾಯಿಸಿದ್ದು? ವಾಲ್ವಿನ ಅಂತರ ಎಂದು ನೋಡಿಸಿದ್ದು? ನೋಝಲ್ ಸರಿಯಾಗಿ ಸಿಂಪಡಿಸುತ್ತಿದೆಯೇ? ಹೊಲದ ಕರಿಮಣ್ಣಿನ ಧೂಳು ತುಂಬಿದ ಫಿಲ್ಟರನ್ನು ತೆಗೆದು ಹೊಸದು ಹಾಕಿದರೆ ಎಷ್ಟೋ ಗಾಡಿಗಳು ತಾವಾಗಿಯೇ ಚುರುಕಾಗುತ್ತವೆ. ಎಂಜಿನ್ನಿಗೆ ಸಿಗಬೇಕಾದ ಗಾಳಿಯೇ ಸಿಗದಿರುವಾಗ ಅದಕ್ಕಿಂತ ಹೆಚ್ಚಿನದನ್ನು ಕೊಡುವ ಮಾತು ಅಕಾಲಿಕ. ನಮ್ಮ ಜೀಪಿನ ಏದುಸಿರಿಗೂ ಅರ್ಧ ಕಾರಣ ಇದೇ ಆಗಿತ್ತು ಎಂದು ತಡವಾಗಿ ತಿಳಿಯಿತು.

ಎಂಜಿನ್ ಗಟ್ಟಿ ಇದ್ದರೆ ಮುಂದಿನದು ಅಳತೆ. ಬೆಲ್ಟಿನ ಸೂಪರ್‌ಚಾರ್ಜರ್ ಆದರೆ ಅದನ್ನು ಹೊತ್ತುಕೊಳ್ಳುವ ಬ್ರಾಕೆಟ್ಟೇ ಪ್ರಾಣ. ಬ್ರಾಕೆಟ್ ಅಲುಗಿದರೆ, ಎರಡು ಪುಲ್ಲಿಗಳು ಒಂದೇ ರೇಖೆಯಲ್ಲಿ ಇಲ್ಲದಿದ್ದರೆ, ಬೆಲ್ಟ್ ಹಾರುತ್ತದೆ ಇಲ್ಲವೇ ಬೇರಿಂಗ್ ತಿನ್ನುತ್ತದೆ. ಲೇತಿನವರ ಬಳಿ ಕಬ್ಬಿಣ ಕೊಯ್ಯಿಸುವ ಮೊದಲು ರಟ್ಟಿನಲ್ಲಿ ಅದೇ ಆಕಾರ ಕತ್ತರಿಸಿ ಎಂಜಿನ್ನಿನ ಮೇಲಿಟ್ಟು ನೋಡಬಹುದು. ಚಾರ್ಜರ್ ಕೂರುವ ಎತ್ತರಕ್ಕೆ ಹಸಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆಗೆದರೆ ಎಷ್ಟು ಜಾಗ ಉಳಿಯಿತೆಂದು ಮಣ್ಣೇ ತೋರಿಸುತ್ತದೆ. ಇದಕ್ಕೆಲ್ಲ ಕಾಸು ಖರ್ಚಿಲ್ಲ, ಒಂದು ಬೋಲ್ಟನ್ನೂ ತೆಗೆಯಬೇಕಾಗಿಲ್ಲ. ಟರ್ಬೊ ಆದರೆ ಆಯಿಲಿನ ಮಾತು ಮುಖ್ಯ. ಅದರ ಒಳಗಿನ ಚಕ್ರ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲದು. ಆಯಿಲ್ ಒತ್ತಡದಿಂದ ಏರಬೇಕು, ತನ್ನ ಭಾರದಿಂದಲೇ ಇಳಿಯಬೇಕು. ಇಳಿಯುವ ಪೈಪು ಎಲ್ಲೂ ಮೇಲಕ್ಕೆ ಬಾಗಕೂಡದು. ನಮ್ಮ 26 ದಿನಗಳಲ್ಲಿ 11 ದಿನ ತಿಂದದ್ದು ಈ ಒಂದು ಪೈಪು.

ಎಣ್ಣೆಯ ಲೆಕ್ಕ ಇನ್ನೂ ಸೂಕ್ಷ್ಮ. ಡೀಸೆಲ್ ಗಾಡಿಗಳಲ್ಲಿ ನಮ್ಮವರು ಮಾಡುವ ಅಡ್ಡದಾರಿ ಎಂದರೆ ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಹೆಚ್ಚಿಸುವುದು. ಕಪ್ಪು ಹೊಗೆ ಬಂದರೆ ಬಲ ಬಂತೆಂದು ಹಿಗ್ಗುತ್ತಾರೆ. ಕಪ್ಪು ಹೊಗೆ ಎಂದರೆ ಪೂರ್ತಿ ಉರಿಯದೆ ಹೋದ ಎಣ್ಣೆ, ಕರಗಲು ಹತ್ತಿರವಾದ ಪಿಸ್ಟನ್. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೊ ಕಾರ್ಖಾನೆ ತಯಾರಿಸಿದ ಪಂಪುಗಳಿಂದ ದೇಶದ ಎಷ್ಟೋ ಡೀಸೆಲ್ ಎಂಜಿನ್ನುಗಳು ಓಡಿವೆ. ಆ ಪಂಪುಗಳನ್ನು ಬೆಂಚಿನ ಮೇಲೆ ಕೂಡಿಸಿ, ಅಳತೆ ನೋಡಿ ಹೊಂದಿಸಬೇಕು. ಕಿವಿಯ ಅಂದಾಜು ಸಾಲದು. ಪೆಟ್ರೋಲ್ ಗಾಡಿಯಲ್ಲಿ ಅಪಾಯ ಬೇರೆ. ಇಂದಿನ ಕಾರುಗಳ ಕಂಪ್ರೆಶನ್ ಅನುಪಾತ ಹತ್ತರ ಆಸುಪಾಸಿನಲ್ಲಿ ಇರುತ್ತದೆ. ಅದರ ಮೇಲೆ ಬಿಸಿ ಗಾಳಿ ಒತ್ತಿದರೆ ಕಿಡಿಯ ಉರಿ ಮುಟ್ಟುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆ ಟಣಟಣ ಸದ್ದು ಕೇಳಿಸಿದ ಹೊತ್ತಿಗೆ ಪಿಸ್ಟನ್ನಿಗೆ ಪೆಟ್ಟು ಬಿದ್ದಾಗಿರುತ್ತದೆ. ಇಂಜೆಕ್ಟರ್, ಪಂಪು, ಎಂಜಿನ್ನಿನ ಕಂಪ್ಯೂಟರಾದ ಇಸಿಯು ಇವುಗಳ ಹೊಂದಾಣಿಕೆ ಮಾಡಬಲ್ಲವರು ಶಹಾಪುರದಲ್ಲಿ ಸಿಗುತ್ತಾರೋ, ಗಾಡಿಯನ್ನು ಹೈದರಾಬಾದಿಗೆ ಒಯ್ಯಬೇಕೋ? ಒಯ್ಯಬೇಕಾದರೆ ಅರೆಬರೆ ಹೊಂದಿಸಿದ ಎಂಜಿನ್ನಿನಲ್ಲಿ ಅಷ್ಟು ದೂರ ಓಡಿಸುವಿರೋ, ಲಾರಿಯ ಮೇಲೆ ಹೇರುವಿರೋ? ಇದೂ ಪಟ್ಟಿಯ ಸಾಲೇ.

ಕ್ಲಚ್ಚು, ಬ್ರೇಕು, ಟಯರುಗಳ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಓಡುವ ಬಲ ಹೆಚ್ಚಿಸಿ ನಿಲ್ಲುವ ಬಲ ಹೆಚ್ಚಿಸದವನು ರಸ್ತೆಯ ಮೇಲಿನ ಇತರರಿಗೆ ಅನ್ಯಾಯ ಮಾಡುತ್ತಾನೆ.

ಇನ್ನು ಕಾನೂನು. ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ, ನನ್ನ ಪ್ರಕಾರ ಪಟ್ಟಿಯ ನೆತ್ತಿಯ ಮೇಲೆಯೇ ಬರೆಯಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಂ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರಕ್ಕೂ ತಾಳೆಯಾಗದಂಥ ಬದಲಾವಣೆಯನ್ನು ಮಾಲೀಕ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಹೀಗೆ ಹೊರಗಿನ ಭಾಗ ಕೂಡಿಸಿ ಗಾಡಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಕೆಎ-33 ನಂಬರಿನ ಗಾಡಿ ನಿಮ್ಮದಾದರೆ ಯಾದಗಿರಿಯ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಬರಹದಲ್ಲಿ ಉತ್ತರ ಪಡೆದು, ಆಮೇಲೆ ಹಣ ಹಾಕಿ. ಮುಚ್ಚಿಟ್ಟು ಮಾಡಿದ ಬದಲಾವಣೆ ಅಪಘಾತದ ದಿನ ವಿಮೆಯವರ ಮುಂದೆ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಈ ಒಂದು ಸಾಲಿನಲ್ಲೇ ಬಹಳ ಜನರ ಪಟ್ಟಿ ಮುಗಿಯುತ್ತದೆ, ಮುಗಿಯಲಿ. ಬಲವೇ ಬೇಕಿದ್ದರೆ ಕಾರ್ಖಾನೆಯಿಂದಲೇ ಟರ್ಬೊ ಸಮೇತ ಬಂದ ಗಾಡಿ ಸಿಗುತ್ತದೆ. ಅದರ ಪಿಸ್ಟನ್, ಪಂಪು, ರೇಡಿಯೇಟರು, ಬ್ರೇಕು ಎಲ್ಲವನ್ನೂ ಆ ಬಲಕ್ಕೆಂದೇ ಲೆಕ್ಕ ಹಾಕಿ ಮಾಡಿರುತ್ತಾರೆ. ಹಳೆಯದನ್ನು ಮಾರಿ ಅಂಥದನ್ನು ಕೊಳ್ಳುವ ಖರ್ಚನ್ನೂ ಪಟ್ಟಿಯ ಪಕ್ಕದಲ್ಲೇ ಬರೆದು ಹೋಲಿಸಿ ನೋಡಿ.

ಇಷ್ಟು ಹೇಳಿದಾಗ ಎದುರಿಗೆ ಒಂದು ಮಾತು ಬರುತ್ತದೆ: ಪಟ್ಟಿ ಗಿಟ್ಟಿ ಎಲ್ಲ ಓದಿದವರ ಚಾಳಿ, ನಮ್ಮ ಮಿಸ್ತ್ರಿಗಳು ಕೈಯಿಂದ ಕಲಿತವರು, ಬಿಚ್ಚಿದ ಮೇಲೆ ಏನಾದರೂ ದಾರಿ ಹುಡುಕುತ್ತಾರೆ. ಆ ಜಾಣ್ಮೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಒಳ್ಳೆಯ ಮಿಸ್ತ್ರಿಯ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅವನು ಅಂದಾಜಿನ ಮೇಲೆ ಕೈ ಹಾಕುವವನಲ್ಲ. ಪಂಪು ಇಳಿಸುವ ಮೊದಲು ಟೈಮಿಂಗಿನ ಗುರುತಿಗೆ ಉಳಿಯಿಂದ ಗೀಟು ಹಾಕುತ್ತಾನೆ. ತೆಗೆದ ಬೋಲ್ಟನ್ನು ತೆಗೆದ ಕ್ರಮದಲ್ಲೇ ಜೋಡಿಸುತ್ತಾನೆ. ಅವನ ಪಟ್ಟಿ ತಲೆಯಲ್ಲಿ ಇರುತ್ತದೆ. ಆದರೆ ಸಾಮಾನು ತರುವವನು ಗಾಡಿಯ ಯಜಮಾನ, ಮಿಸ್ತ್ರಿಯ ತಲೆಯಲ್ಲಿರುವುದು ಯಜಮಾನನಿಗೆ ಕಾಣುವುದಿಲ್ಲ. ಕಾಗದ ಬೇಕಾದದ್ದು ಇವರಿಬ್ಬರ ನಡುವೆ.

ಸೂಪರ್‌ಚಾರ್ಜರ್ ಈ ನಾಡಿನ ಕೈಗಳಿಗೆ ಪರಕೀಯವೂ ಅಲ್ಲ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ವಾಯುಪಡೆಯ ದುರಸ್ತಿ ನೆಲೆಯಾಯಿತು. ಅಲ್ಲಿಗೆ ದುರಸ್ತಿಗೆ ಬರುತ್ತಿದ್ದ ಡಕೋಟಾದಂಥ ವಿಮಾನಗಳ ಎಂಜಿನ್ನಿನ ಒಳಗೆ ಗೇರಿನಿಂದ ತಿರುಗುವ ಸೂಪರ್‌ಚಾರ್ಜರ್ ಇರುತ್ತಿತ್ತು. ಮೇಲಕ್ಕೆ ಹೋದಷ್ಟೂ ಗಾಳಿ ತೆಳ್ಳಗಾಗುವ ಆಕಾಶದಲ್ಲಿ ಎಂಜಿನ್ನಿನ ಉಸಿರು ಉಳಿಸುತ್ತಿದ್ದುದು ಅದೇ. ವಿಮಾನದ ಎಂಜಿನ್ ಬಿಚ್ಚುವವರು ಪ್ರತಿ ಭಾಗಕ್ಕೂ ಚೀಟಿ ಕಟ್ಟುತ್ತಾರೆ, ಬದಲಿ ಭಾಗ ಬೆಂಚಿನ ಮೇಲಿದೆಯೋ ಎಂದು ಮೊದಲೇ ನೋಡುತ್ತಾರೆ. ಆಕಾಶದಲ್ಲಿ ‘ಸಾಮಾನ ಬರಬೇಕ್ರಿ’ ಎನ್ನಲು ಬರುವುದಿಲ್ಲ. ಆ ಶಿಸ್ತು ಶಹಾಪುರದ ಗ್ಯಾರೇಜಿಗೂ ಬರಲು ದೊಡ್ಡ ಕಾರ್ಖಾನೆ ಬೇಕಾಗಿಲ್ಲ. ಒಂದು ರೂಲ್ ಹಾಕಿದ ನೋಟುಬುಕ್ಕು, ಒಂದಿಷ್ಟು ದಾರ, ಹತ್ತು ರಟ್ಟಿನ ಚೂರು ಸಾಕು. ಐಟಿಐನಲ್ಲಿ ಓದುವ ಹುಡುಗರಿಗೆ ಮೊದಲ ವಾರ ಪಾನಾ ಕೊಡದೆ ಈ ನೋಟುಬುಕ್ಕು ಕೊಟ್ಟು, ನಿಂತ ಗಾಡಿಯೊಂದರ ಮುಂದೆ ಕೂರಿಸಬೇಕು ಎಂದು ನನ್ನ ಆಸೆ.

ಕಾಲವನ್ನೂ ಬರೆಯಬೇಕು. ನಮ್ಮ ಗಾಡಿಗಳ ಬದುಕು ಕಾಲುವೆಯ ಬದುಕಿಗೆ ಹೆಣೆದುಕೊಂಡಿದೆ. ನೀರಾವರಿ ಸಲಹಾ ಸಮಿತಿ ನೀರು ಬಿಡುವ ದಿನ ಗೊತ್ತು ಮಾಡಿದರೆ ಟ್ರ್ಯಾಕ್ಟರಿಗೆ ಕೆಸರುಗದ್ದೆ ಕಾದಿರುತ್ತದೆ. ದೀಪಾವಳಿಯ ಆಚೀಚೆ ಹತ್ತಿ ಕಾದಿರುತ್ತದೆ. ಮಳೆ ಬಿದ್ದ ಮೇಲೆ ಕೂರಿಗೆ ಮಾಡಿಸಲು ಬಡಿಗನ ಮನೆಗೆ ಯಾರೂ ಹೋಗುವುದಿಲ್ಲ. ಎಂಜಿನ್ ಬಿಚ್ಚುವುದಾದರೆ ಕಾಲುವೆ ಬಂದಾದ ಬೇಸಿಗೆಯಲ್ಲಿ, ಅದೂ ಮಾಗಿ ಉಳುಮೆ ಮುಗಿದ ಮೇಲೆ. ಆ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ: ಲೇತಿನ ಕೆಲಸಕ್ಕೆ ಎಷ್ಟು ದಿನ, ಪಾರ್ಸೆಲ್ಲಿಗೆ ಎಷ್ಟು, ತಪ್ಪು ಅಳತೆಯದು ಬಂದರೆ ತಿರುಗಿ ಕಳಿಸಲು ಎಷ್ಟು. ಬಂದ ಸಾಮಾನನ್ನು ಬಂದ ದಿನವೇ ಬಿಚ್ಚಿ ಅಳೆದು ನೋಡಿ. ಡಬ್ಬಿಯ ಮೇಲಿನ ನಂಬರನ್ನು ನಂಬಿ ಕೂತವರು ತಾಡಪತ್ರಿ ಕೊಳ್ಳಬೇಕಾಗುತ್ತದೆ.

ಆ ಹಿರಿಯ ಮಿಸ್ತ್ರಿ ತಮ್ಮನಿಗೆ ಕಲಿಸಿದ ಪಟ್ಟಿಯಲ್ಲಿ ಮೂರು ಅಂಕಣಗಳಿದ್ದವು: ಅದಾವ, ತರಬೇಕು, ಗೊತ್ತಿಲ್ಲ. ಮೊದಲೆರಡನ್ನು ಯಾರಾದರೂ ಬರೆದಾರು. ಮೂರನೆಯದನ್ನು ತುಂಬಲು ಪ್ರಾಮಾಣಿಕತೆ ಬೇಕು. ಫ್ಲೇಂಜಿನ ತೂತು ತಾಳೆಯಾಗುತ್ತದೋ, ಗೊತ್ತಿಲ್ಲ. ಪೈಪಿಗೆ ಜಾಗ ಇದೆಯೋ, ಗೊತ್ತಿಲ್ಲ. ಅನುಮತಿ ಸಿಗುತ್ತದೋ, ಗೊತ್ತಿಲ್ಲ. ಹೀಗೆ ಬರೆದ ಪ್ರತಿ ಸಾಲೂ ಮುಂದೆ ಗ್ಯಾರೇಜಿನಲ್ಲಿ ಕೆಟ್ಟು ನಿಲ್ಲುವ ಒಂದೊಂದು ದಿನ. ಅವನ್ನು ಕೇಳಿ, ಅಳೆದು, ಒಂದೊಂದಾಗಿ ಮೊದಲೆರಡು ಅಂಕಣಕ್ಕೆ ಸರಿಸಬೇಕು. ಸರಿಸಲು ಆಗದಿದ್ದರೆ ಕೆಲಸವನ್ನೇ ಬಿಡಬೇಕು.

ಗಾಡಿಗೆ ಬಲ ಕೂಡಿಸಬೇಕೆಂದು ಹೊರಟಿರುವ ತಮ್ಮಂದಿರಲ್ಲಿ ನನ್ನದು ಇಷ್ಟೇ ಕೇಳಿಕೆ: ಆ ಮೂರನೆಯ ಅಂಕಣ ಖಾಲಿಯಾಗುವವರೆಗೆ ಹೆಡ್ಡಿನ ಬೋಲ್ಟಿಗೆ ಪಾನಾ ಹಚ್ಚಬೇಡಿ.